‘ಆಗಲಿಕ್ಕಿಲ್ಲ’ ಎನ್ನಲು ಇಂಗ್ಲಿಷಿಗೆ ಎಷ್ಟು ದಾರಿ

1973ರ ಮಾರ್ಚಿನಲ್ಲಿ ಬ್ರಿಟನ್ನಿನ ಶಿಕ್ಷಣ ಸಚಿವೆ ಮಾರ್ಗರೆಟ್ ಥ್ಯಾಚರ್ ಬಿಬಿಸಿ ಟಿವಿಯ ಸಂದರ್ಶನವೊಂದಕ್ಕೆ ಕೂತಿದ್ದರು. ಹೆಣ್ಣೊಬ್ಬಳು ಈ ದೇಶದ ಪ್ರಧಾನಿಯಾಗುವ ಕಾಲ ಬಂದೀತೇ ಎಂಬ ಮಾತು ಬಂತು. ತಮ್ಮ ಆಯುಷ್ಯದಲ್ಲಿ ಅಂಥದ್ದು ಆಗುತ್ತದೆಂದು ತಮಗೆ ಅನ್ನಿಸುವುದಿಲ್ಲ ಎಂದರು. 1979ರ ಮೇ ತಿಂಗಳಲ್ಲಿ ಅವರೇ ಪ್ರಧಾನಿಯಾದರು, ಹನ್ನೊಂದು ವರ್ಷ ಆ ಪಟ್ಟದಲ್ಲಿದ್ದರು. ಹುಸಿಯಾದ ಭವಿಷ್ಯಗಳ ಪಟ್ಟಿ ಮಾಡುವವರು ಈ ಮಾತನ್ನು ತಪ್ಪದೆ ಸೇರಿಸುತ್ತಾರೆ. ಅದಕ್ಕಿಂತ ಹೆಚ್ಚಾಗಿ ನೋಡಬೇಕಾದದ್ದು ಆ ವಾಕ್ಯದ ಕಟ್ಟಣೆಯನ್ನು. ‘ಆಗುವುದಿಲ್ಲ’ ಎಂದು ಅವರು ಹೇಳಲೇ ಇಲ್ಲ. ‘ಐ ಡೋಂಟ್ ಥಿಂಕ್’ ಎಂದು ಶುರುಮಾಡಿದರು. ‘ಇಲ್ಲ’ ಎಂಬುದು ಘಟನೆಗೆ ಅಂಟದೆ ಅವರ ಅನಿಸಿಕೆಗೆ ಅಂಟಿಕೊಂಡಿತು.

ಮುಂದಾಗುವುದರ ಬಗ್ಗೆ ‘ಇಲ್ಲ’ ಎನ್ನಬೇಕಾದಾಗ ಇಂಗ್ಲಿಷ್ ಮಾತಾಡುವವರು ಮಾಡುವುದು ಬಹುಮಟ್ಟಿಗೆ ಇದನ್ನೇ. ಆ ‘ಇಲ್ಲ’ವನ್ನು ನೇರವಾಗಿ ಘಟನೆಯ ಮೇಲೆ ಹೊರಿಸದೆ ತಮ್ಮ ಮನಸ್ಸಿನ ಮೇಲೋ, ಸಾಧ್ಯತೆಯನ್ನು ಅಳೆಯುವ ಒಂದು ಪದದ ಮೇಲೋ, ಹಂದಿಯ ರೆಕ್ಕೆಯ ಮೇಲೋ, ವಕೀಲರು ಬರೆದುಕೊಟ್ಟ ಷರತ್ತಿನ ಮೇಲೋ ಇಡುತ್ತಾರೆ. ಎಲ್ಲಿ ಇಟ್ಟರು ಎಂಬುದರ ಮೇಲೆ ಕೇಳುವವರು ಏನು ತಿಳಿದುಕೊಳ್ಳುತ್ತಾರೆ, ತಿಳಿದುಕೊಂಡು ಏನು ಮಾಡುತ್ತಾರೆ, ಮಾತು ಸುಳ್ಳಾದಾಗ ಯಾರನ್ನು ಹೊಣೆ ಮಾಡುತ್ತಾರೆ ಎಂಬುದೆಲ್ಲ ನಿಂತಿದೆ. ಹವಾಮಾನ ವರದಿ, ಆಸ್ಪತ್ರೆಯ ರಿಪೋರ್ಟು, ವೀಸಾ ಅರ್ಜಿಗೆ ಬಂದ ಉತ್ತರ, ಕಂಪನಿಯ ಇಮೇಲ್ ಎಲ್ಲವನ್ನೂ ಇಂಗ್ಲಿಷಿನಲ್ಲೇ ಓದಬೇಕಾಗಿ ಬಂದಿರುವ ಕನ್ನಡಿಗರಿಗೆ ಇದು ಬರೀ ವ್ಯಾಕರಣದ ಕುತೂಹಲವಲ್ಲ.

ಇಂಗ್ಲಿಷಿನಲ್ಲಿ ಭವಿಷ್ಯತ್ಕಾಲಕ್ಕೆಂದೇ ಮೀಸಲಾದ ಪ್ರತ್ಯಯವಿಲ್ಲ. ಆ ಕೆಲಸಕ್ಕೆ ಭಾಷೆ ಎರಡು ಹಳೆಯ ಕ್ರಿಯಾಪದಗಳನ್ನು ಹಿಡಿದುಕೊಂಡಿತು. ‘ವಿಲ್’ ಎಂದರೆ ಮೂಲದಲ್ಲಿ ಬಯಸು, ‘ಶ್ಯಾಲ್’ ಎಂದರೆ ಸಾಲ ತೀರಿಸಬೇಕಾಗಿರು. ಹಾಗಾಗಿ ‘ವಿಲ್ ನಾಟ್’ ಎಂಬುದರ ಹುಟ್ಟರ್ಥ ‘ಒಲ್ಲೆ’. ಮಧ್ಯಕಾಲದ ಇಂಗ್ಲಿಷಿನಲ್ಲಿ ‘ವಿಲ್’ಗೆ ‘ವೋಲ್’ ಎಂಬ ರೂಪವೂ ಇತ್ತು, ಇಂದಿನ ‘ವೋಂಟ್’ ಅದರಿಂದ ಬಂದದ್ದು. ಬೇಡವೆನ್ನುವ ಛಲ ಆ ಪದದಿಂದ ಇನ್ನೂ ಪೂರ್ತಿ ಇಳಿದಿಲ್ಲ. ಬೆಳಿಗ್ಗೆ ಕಾರು ಹೊರಡದಿದ್ದರೆ ಲಂಡನ್ನಿನವರು ‘ದ ಕಾರ್ ವೋಂಟ್ ಸ್ಟಾರ್ಟ್’ ಎನ್ನುತ್ತಾರೆ. ಅದು ಭವಿಷ್ಯದ ಮಾತಲ್ಲ, ಕಣ್ಣೆದುರಿಗೆ ನಡೆಯುತ್ತಿರುವ ಹಟದ ವರ್ಣನೆ. ಧಾರವಾಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಗಾಡಿ ಚಾಲೂ ಆಗವಲ್ದು’, ‘ಮಳಿ ಬರವಲ್ದು’ ಎನ್ನುವಾಗ ಅವರ ಬಾಯಲ್ಲಿ ಇರುವುದೂ ಅದೇ ‘ಒಲ್ಲು’. ಎಷ್ಟೋ ಸಾವಿರ ಮೈಲಿ ದೂರದ ಎರಡು ಭಾಷೆಗಳು ಯಂತ್ರಕ್ಕೂ ಮೋಡಕ್ಕೂ ಒಂದೇ ರೀತಿಯ ಹಟವನ್ನು ಆರೋಪಿಸಿರುವುದು ನಿಜಕ್ಕೂ ಸಂತೋಷ ಕೊಡುವ ಸಂಗತಿ.

ಈ ಛಲದಿಂದ ಒಂದು ತೊಡಕು ಹುಟ್ಟುತ್ತದೆ. ‘ಹೀ ವೋಂಟ್ ಕಮ್’ ಎಂದರೆ ಅವನು ಬರುವ ಸಂಭವವಿಲ್ಲ ಎಂದೋ, ಬರಲು ಒಪ್ಪುತ್ತಿಲ್ಲ ಎಂದೋ? ಎರಡೂ ಆಗಬಹುದು. ಮನಸ್ತಾಪದ ವಾಸನೆ ಬರಬಾರದೆಂದಿದ್ದರೆ ಇಂಗ್ಲಿಷ್ ಬಲ್ಲವರು ‘ಹೀ ವೋಂಟ್ ಬಿ ಕಮಿಂಗ್’ ಎನ್ನುತ್ತಾರೆ. ‘ಬಿ’ ಮತ್ತು ‘ಇಂಗ್’ ಸೇರಿದ್ದೇ ನಿರಾಕರಣೆ ಹೋಗಿ ಸುದ್ದಿ ಮಾತ್ರ ಉಳಿಯುತ್ತದೆ. ಮದುವೆಗೆ ಬರಲಾಗದವರ ಪತ್ರಗಳಲ್ಲಿ, ಕಚೇರಿಯ ಮೀಟಿಂಗಿಗೆ ಗೈರಾಗುವವರ ಸಂದೇಶಗಳಲ್ಲಿ ಈ ರೂಪ ಸದಾ ಕಾಣುವುದು ಇದೇ ಕಾರಣಕ್ಕೆ. ಇಂಗ್ಲಿಷನ್ನು ಶಾಲೆಯಲ್ಲಿ ಕಲಿತವರು ‘ಐ ವಿಲ್ ನಾಟ್ ಕಮ್’ ಎಂದು ಬರೆದು, ತಮಗೆ ಅರಿವಿಲ್ಲದೆ ಒರಟರೆನ್ನಿಸಿಕೊಳ್ಳುವುದುಂಟು. ಕನ್ನಡದ ‘ಬರೋದಿಲ್ಲ’ದಲ್ಲೂ ಇದೇ ಇಬ್ಬಗೆ ಇದೆ; ಆದರೆ ನಮ್ಮಲ್ಲಿ ‘ಬರಲಿಕ್ಕಿಲ್ಲ’ ಎಂಬ ಅಚ್ಚುಕಟ್ಟಾದ ರೂಪವೂ ಇದೆ. ಅದರಲ್ಲಿ ಹಟದ ಸುಳಿವಿಲ್ಲ, ಊಹೆ ಮಾತ್ರ ಇದೆ. ಅಷ್ಟನ್ನು ಹೇಳಲು ಇಂಗ್ಲಿಷಿಗೆ ‘ಪ್ರಾಬಬ್ಲಿ’ ಎಂಬ ಇನ್ನೊಂದು ಪದದ ನೆರವು ಬೇಕು.

ಊಹೆಯನ್ನೂ ಹಟವನ್ನೂ ಬೇರೆಬೇರೆಯಾಗಿಡಲು ವ್ಯಾಕರಣಕಾರರು ಯತ್ನಿಸದೆ ಇರಲಿಲ್ಲ. ಗಣಿತಜ್ಞ ಜಾನ್ ವಾಲಿಸ್ 1653ರಲ್ಲಿ ಲ್ಯಾಟಿನ್‌ನಲ್ಲಿ ಬರೆದ ಇಂಗ್ಲಿಷ್ ವ್ಯಾಕರಣದಲ್ಲಿ ಒಂದು ನಿಯಮ ಕೊಟ್ಟರು: ಉತ್ತಮ ಪುರುಷದಲ್ಲಿ ‘ಶ್ಯಾಲ್’ ಬರೀ ಮುನ್ಸೂಚನೆ, ‘ವಿಲ್’ ಸಂಕಲ್ಪ, ಮಧ್ಯಮ ಮತ್ತು ಪ್ರಥಮ ಪುರುಷಗಳಲ್ಲಿ ಇದು ತಿರುವುಮುರುವು. ಮುಂದೆ ಶಾಲಾ ಪುಸ್ತಕಗಳು ಇದಕ್ಕೊಂದು ಕಥೆಯನ್ನೂ ಕಟ್ಟಿಕೊಂಡವು. ನೀರಿನಲ್ಲಿ ಮುಳುಗುತ್ತಿದ್ದ ಹೊರನಾಡಿನವನೊಬ್ಬ ‘ಐ ವಿಲ್ ಡ್ರೌನ್, ನೋಬಡಿ ಶ್ಯಾಲ್ ಸೇವ್ ಮಿ’ ಎಂದು ಕೂಗಿದನಂತೆ. ಮುಳುಗಿ ಹೋಗುತ್ತೇನೆ, ಉಳಿಸುವವರೇ ಇಲ್ಲ ಎಂಬುದು ಅವನ ಗೋಳು. ದಡದ ಇಂಗ್ಲಿಷರಿಗೆ ಅದು ‘ಮುಳುಗಿಯೇ ತೀರುತ್ತೇನೆ, ಯಾರೂ ಉಳಿಸಕೂಡದು’ ಎಂದು ಕೇಳಿಸಿ ಅವರು ಸುಮ್ಮನೆ ನಿಂತರಂತೆ. ಆ ಪರದೇಶಿಯನ್ನು ಐರಿಶನೆಂದು ಕೆಲವರು, ಫ್ರೆಂಚನೆಂದು ಕೆಲವರು ಹೇಳಿದರು. ನಿಯಮವಂತೂ ಜನರ ಬಾಯಲ್ಲಿ ನಿಲ್ಲಲಿಲ್ಲ. ಇವತ್ತು ಅಮೆರಿಕದಲ್ಲಿ ‘ಶ್ಯಾಲ್ ನಾಟ್’ನ ಕಿರುರೂಪ ‘ಶ್ಯಾಂಟ್’ ಕೇಳಿಸುವುದೇ ಅಪರೂಪ. ‘ಈಸಂಟ್ ಗೋಯಿಂಗ್ ಟು’ ಎಂಬುದು ಅದಕ್ಕಿಂತ ಎಷ್ಟೋ ಪಾಲು ಬಳಕೆಯಲ್ಲಿದೆ, ಅದರಲ್ಲೂ ಕಣ್ಣಿಗೆ ಕಾಣುವ ಕುರುಹು ಇಟ್ಟುಕೊಂಡು ಮಾತಾಡುವಾಗ.

ಥ್ಯಾಚರ್ ಬಳಸಿದ ಕಟ್ಟಣೆಗೆ ಭಾಷಾಶಾಸ್ತ್ರದಲ್ಲಿ ‘ನೆಗ್ ರೈಸಿಂಗ್’ ಎಂದು ಹೆಸರು. ಒಳವಾಕ್ಯದಲ್ಲಿ ಇರಬೇಕಾದ ನಿಷೇಧ ಮೇಲಿನ ವಾಕ್ಯಕ್ಕೆ ಏರುವುದು ಎಂದರ್ಥ. ಡೆನ್ಮಾರ್ಕಿನ ಓಟೊ ಯೆಸ್ಪರ್ಸನ್ 1917ರಲ್ಲಿ ನಿಷೇಧದ ಬಗ್ಗೆಯೇ ಬರೆದ ಪುಸ್ತಕದಲ್ಲಿ ಇದನ್ನು ಗುರುತಿಸಿದ್ದರು. ಅಮೆರಿಕದ ಲಾರೆನ್ಸ್ ಹಾರ್ನ್ 1989ರ ತಮ್ಮ ಬೃಹತ್ ಗ್ರಂಥದಲ್ಲಿ ಇದಕ್ಕೆ ಸಾಕಷ್ಟು ಜಾಗ ಕೊಟ್ಟರು. ‘ಐ ಥಿಂಕ್ ಇಟ್ ವೋಂಟ್ ರೇನ್’ ಎಂದರೆ ವ್ಯಾಕರಣ ತಪ್ಪಲ್ಲ, ಆದರೆ ಇಂಗ್ಲಿಷ್ ಕಿವಿಗೆ ಅದು ಪಂಥ ಕಟ್ಟಿದ ಹಾಗೆ ಕೇಳುತ್ತದೆ. ‘ಐ ಡೋಂಟ್ ಥಿಂಕ್ ಇಟ್ ವಿಲ್ ರೇನ್’ ಎಂಬುದು ಮೆತ್ತಗಿನ ಮಾತು. ಕನ್ನಡದಲ್ಲಿ ‘ಬರಲ್ಲ ಅನ್ಸುತ್ತೆ’, ‘ಬರುತ್ತೆ ಅನ್ಸಲ್ಲ’ ಎರಡೂ ಸಲೀಸು. ಇಂಗ್ಲಿಷಿನಲ್ಲಿ ಎರಡನೆಯದಕ್ಕೇ ಒಲವು.

ಆದರೆ ಎಲ್ಲ ಕ್ರಿಯಾಪದಗಳೂ ಈ ಏರಿಕೆಯನ್ನು ಒಪ್ಪುವುದಿಲ್ಲ. ಆಸೆಪಡುವಾಗ ‘ಐ ಹೋಪ್ ಇಟ್ ವೋಂಟ್’ ಎಂದೇ ಹೇಳಬೇಕು, ‘ಐ ಡೋಂಟ್ ಹೋಪ್’ ಎಂದು ಶುರುಮಾಡಿದರೆ ಕೇಳುವವರು ತಡವರಿಸುತ್ತಾರೆ. ಅಂಜಿಕೆಯ ಪದಕ್ಕೆ ಇನ್ನೊಂದು ಬಗೆಯ ಬಾಳು ಒದಗಿದೆ. ‘ಐ ಆಮ್ ಅಫ್ರೇಡ್ ನಾಟ್’ ಎನ್ನುವ ಗುಮಾಸ್ತನಿಗೆ ಯಾವ ಭಯವೂ ಇಲ್ಲ. ಟಿಕೆಟ್ ಸಿಗುವುದಿಲ್ಲ, ಅರ್ಜಿ ಮಂಜೂರಾಗುವುದಿಲ್ಲ, ಸಾಹೇಬರು ಇವತ್ತು ಬರುವುದಿಲ್ಲ ಎಂಬ ಬೇಸರದ ಸುದ್ದಿಗೆ ಅವನು ಕೊಡುವ ಮರ್ಯಾದೆಯ ಹೊದಿಕೆ ಅದು. ಹೊದಿಕೆ ಎಷ್ಟೇ ಮೆತ್ತಗಿದ್ದರೂ ಒಳಗಿನ ‘ಇಲ್ಲ’ ಗಟ್ಟಿಯೇ. ಇದನ್ನರಿಯದವರು ಇನ್ನೂ ದಾರಿ ತೆರೆದಿದೆ ಎಂದುಕೊಂಡು ಕಾಯುತ್ತಾರೆ.

‘ಡೌಟ್’ ಎಂಬ ಪದದ ಕಥೆ ಇನ್ನೂ ಸ್ವಾರಸ್ಯದ್ದು. ಲಂಡನ್ನಿನಲ್ಲಿ ‘ಐ ಡೌಟ್ ಇಟ್ ವಿಲ್ ರೇನ್’ ಎಂದರೆ ಮಳೆ ಬರಲಿಕ್ಕಿಲ್ಲ ಎಂದು. ಸ್ಕಾಟ್ಲೆಂಡಿನ ಹಳ್ಳಿಯ ಹಿರಿಯರು ಅದೇ ಮಾತಾಡಿದರೆ ಕೊಡೆ ಹಿಡಿದುಕೊಂಡು ಹೊರಡಬೇಕು, ಏಕೆಂದರೆ ಅಲ್ಲಿನ ಮಾತಿನಲ್ಲಿ ‘ಡೌಟ್’ ಎಂದರೆ ‘ಆಗಬಾರದ್ದು ಆಗುತ್ತದೇನೋ ಎಂಬ ಅಂಜಿಕೆ’. ಅದು ಸ್ಕಾಟರು ಹೊಸದಾಗಿ ಕಂಡುಹಿಡಿದ ಅರ್ಥವೂ ಅಲ್ಲ. ಹದಿನೇಳನೆಯ ಶತಮಾನದ ಲಂಡನ್ನಿನಲ್ಲಿ ದಿನಚರಿ ಬರೆದಿಟ್ಟ ಸ್ಯಾಮ್ಯುಯೆಲ್ ಪೀಪ್ಸ್ ಕೂಡ ಈ ಅರ್ಥದಲ್ಲಿ ಅದನ್ನು ಧಾರಾಳವಾಗಿ ಬಳಸಿದ್ದಾನೆ. ಒಂದೇ ವಾಕ್ಯ ಗಡಿಯ ಆಚೆ ‘ಬರುತ್ತದೆ’, ಈಚೆ ‘ಬರುವುದಿಲ್ಲ’. ಭಾರತದ ಇಂಗ್ಲಿಷಿನಲ್ಲಿ ಆ ಪದಕ್ಕೆ ‘ಪ್ರಶ್ನೆ’ ಎಂಬ ಮೂರನೆಯ ಅರ್ಥ ಸಿಕ್ಕಿದೆ. ತರಗತಿಯಲ್ಲಿ ಕೈಯೆತ್ತಿ ‘ಸರ್, ಒಂದು ಡೌಟು’ ಎನ್ನುವುದು ಅದನ್ನೇ. ಆದರೆ ಬೆಂಗಳೂರಿನಲ್ಲಿ ‘ಅವನು ಇವತ್ತು ಬರೋದು ಡೌಟು’ ಎಂದಾಗ ಮಾತ್ರ ಆ ಪದ ಲಂಡನ್ನಿನ ಅರ್ಥಕ್ಕೇ ಅಂಟಿಕೊಳ್ಳುತ್ತದೆ.

ಯೆಸ್ಪರ್ಸನ್ ಗುರುತುಹಾಕಿಕೊಂಡ ಇನ್ನೊಂದು ರೂಪವಿದೆ: ‘ಐ ಶುಡಂಟ್ ಬಿ ಸರ್ಪ್ರೈಸ್ಡ್ ಇಫ್ ಇಟ್ ಡಿಡಂಟ್ ರೇನ್’. ಪದಕ್ಕೆ ಪದ ಬಿಡಿಸಿದರೆ ‘ಮಳೆ ಬಾರದಿದ್ದರೆ ನನಗೇನೂ ಆಶ್ಚರ್ಯವಿಲ್ಲ’ ಎಂದಾಗುತ್ತದೆ. ಹೇಳುವವರ ಮನಸ್ಸಿನಲ್ಲಿರುವುದು ‘ಮಳೆ ಬಂದರೂ ಬಂದೀತು’ ಎಂಬುದು. ಮೊದಲ ‘ನಾಟ್’ನ ನೆರಳು ಎರಡನೆಯದಾಗಿ ಬಿದ್ದಿದೆ, ಅದಕ್ಕೆ ಅರ್ಥದ ಭಾರವಿಲ್ಲ. ಹದಿನೆಂಟನೆಯ ಶತಮಾನದಲ್ಲಿ ರಾಬರ್ಟ್ ಲೌತ್ ತಮ್ಮ ವ್ಯಾಕರಣದಲ್ಲಿ ಎರಡು ನಿಷೇಧಗಳು ಒಂದನ್ನೊಂದು ಹೊಡೆದುಹಾಕುತ್ತವೆ ಎಂದು ಸಾರಿದರು. ಜನರ ಮಾತು ಆ ಲೆಕ್ಕವನ್ನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪಿಲ್ಲ. ‘ಏಂಟ್ ನೋಬಡಿ ಗೊನ್ನ ಕಮ್’ ಎನ್ನುವ ಅಮೆರಿಕದ ಕರಿಯರ ಆಡುಮಾತಿನಲ್ಲಿ ಎರಡು ಇಲ್ಲಗಳು ಸೇರಿದರೆ ಇನ್ನೂ ಗಟ್ಟಿಯಾದ ಇಲ್ಲವೇ ಹೊರತು ಹೌದು ಅಲ್ಲ. ಅದನ್ನು ತಪ್ಪು ಇಂಗ್ಲಿಷ್ ಎಂದು ತಳ್ಳುವುದು ಅನ್ಯಾಯ. ಮಧ್ಯಕಾಲದ ಕವಿ ಚಾಸರ್‌ನ ಇಂಗ್ಲಿಷಿನಲ್ಲೂ ಹೀಗೆಯೇ ಇತ್ತು.

ವಿನಯ ಬೇಕಿಲ್ಲದ ಕಡೆ ಇಂಗ್ಲಿಷರು ಅಸಾಧ್ಯದ ಚಿತ್ರಗಳನ್ನು ತರುತ್ತಾರೆ. ಹಂದಿಗೆ ರೆಕ್ಕೆ ಬಂದಾಗ, ನರಕ ಹೆಪ್ಪುಗಟ್ಟಿದಾಗ, ಹತ್ತು ಲಕ್ಷ ವರ್ಷ ಕಳೆದರೂ. ‘ಫ್ಯಾಟ್ ಚಾನ್ಸ್’, ‘ಸ್ಲಿಮ್ ಚಾನ್ಸ್’ ಎಂದು ದಪ್ಪ-ಸಣ್ಣ ಎರಡೂ ಒಂದೇ ಕಡೆಗೆ ಬೆರಳು ತೋರುತ್ತವೆ. ‘ಡೋಂಟ್ ಹೋಲ್ಡ್ ಯುವರ್ ಬ್ರೆತ್’ ಎಂದರೆ ಉಸಿರು ಬಿಗಿಹಿಡಿದು ಕಾಯಬೇಡ, ಅದು ಸದ್ಯಕ್ಕೆ ಆಗುವುದಲ್ಲ ಎಂದು. ರೋಮಿನ ಚಕ್ರವರ್ತಿ ಅಗಸ್ಟಸ್, ಸಾಲ ತೀರಿಸದವರು ‘ಗ್ರೀಕರ ಕ್ಯಾಲೆಂಡ್ಸ್‌’ನಂದು ತೀರಿಸುತ್ತಾರೆ ಎನ್ನುತ್ತಿದ್ದನೆಂದು ಸ್ವೆಟೋನಿಯಸ್ ದಾಖಲಿಸಿದ್ದಾನೆ, ತಿಂಗಳ ಮೊದಲ ದಿನಕ್ಕೆ ಆ ಹೆಸರಿದ್ದದ್ದು ರೋಮನರಲ್ಲಿ ಮಾತ್ರ, ಗ್ರೀಕರಲ್ಲಿ ಅಂಥ ದಿನವೇ ಇರಲಿಲ್ಲ. ಓದಿಕೊಂಡ ಇಂಗ್ಲಿಷರು ಅದನ್ನೂ ಎರವಲು ತಂದರು. ಮೊಲಕ್ಕೆ ಕೊಂಬು ಮೂಡಿಸಿ, ಮರಳಿನಿಂದ ಎಣ್ಣೆ ತೆಗೆಸಿ ಅಭ್ಯಾಸವಿರುವ ನಮಗೆ ಇದರಲ್ಲಿ ಹೊಸದೇನಿಲ್ಲ. ಒಂದನ್ನು ಮಾತ್ರ ಗಮನಿಸಬೇಕು. ಈ ಚಿತ್ರಗಳಲ್ಲಿ ಯಾವುದರಲ್ಲೂ ಅಳತೆಯಿಲ್ಲ. ಅವು ಚರ್ಚೆಯ ಬಾಗಿಲು ಹಾಕುತ್ತವೆ, ಕಾರಣ ಕೊಡುವುದಿಲ್ಲ.

ಇದುವರೆಗೆ ಹೇಳಿದ್ದು ‘ಆಗದು’ ಎಂಬ ಭವಿಷ್ಯದ ಮಾತು. ‘ಕೆಟ್ಟದ್ದಾಗುತ್ತದೆ’ ಎಂಬುದು ಅದರ ಒಡಹುಟ್ಟು. ವ್ಯಾಕರಣದ ಪ್ರಕಾರ ಇದರಲ್ಲಿ ನಿಷೇಧವಿಲ್ಲ, ಆದರೂ ಕೆಡುಕಿನ ನೆರಳು ಪದಗಳ ಮೇಲೇ ಬಿದ್ದಿರುತ್ತದೆ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಕೋಬಿಲ್ಡ್ ನಿಘಂಟು ಯೋಜನೆಯನ್ನು ನಡೆಸಿದ ಜಾನ್ ಸಿಂಕ್ಲೇರ್, ಕಂಪ್ಯೂಟರಿಗೆ ತುಂಬಿದ ಅಪಾರ ಪಠ್ಯವನ್ನು ಜಾಲಾಡಿ, ‘ಸೆಟ್ ಇನ್’ ಎಂಬ ಸಾಧಾರಣ ಕ್ರಿಯಾಪದದ ಮುಂದೆ ಬರುವುದು ಬಹುಪಾಲು ಅಹಿತದ ಸಂಗತಿಗಳೇ ಎಂದು ತೋರಿಸಿದರು: ಕೊಳೆತ, ನಿರಾಶೆ, ಸೋಂಕು, ಬಿಡದ ಮಳೆ. ‘ಲೈಕ್ಲಿ’ ಎಂಬುದು ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಆಗುತ್ತದೆ, ‘ಲಯಬಲ್’ ಕೆಟ್ಟದ್ದಕ್ಕೆ ಮಾತ್ರ. ‘ಥ್ರೆಟನ್ಸ್ ಟು’ ಎಂದು ಮೋಡಕ್ಕೆ ಹೇಳಬಹುದು, ಹಬ್ಬಕ್ಕೆ ಹೇಳಲಾಗದು. ‘ಶುಡ್’ ಇದಕ್ಕೆ ವಿರುದ್ಧ ದಿಕ್ಕಿನದು. ಭಾಷಾಶಾಸ್ತ್ರಜ್ಞ ಜೆಫ್ರಿ ಲೀಚ್ ವಿವರಿಸಿದ ಹಾಗೆ ಆ ಪದದ ಊಹೆ ಅಪೇಕ್ಷಣೀಯವಾದುದರ ಕಡೆಗೇ ವಾಲುತ್ತದೆ. ‘ದೇರ್ ಶುಡಂಟ್ ಬಿ ಎನಿ ಪ್ರಾಬ್ಲಮ್’ ಎಂದು ಮೆಕ್ಯಾನಿಕ್ ಹೇಳಿದರೆ ಸಹಜ. ಬಸ್ ಅಪಘಾತದ ಸ್ಥಳದಲ್ಲಿ ನಿಂತು, ಬದುಕಿ ಉಳಿದವರು ಇರಲಿಕ್ಕಿಲ್ಲ ಎನ್ನಲು ಅದೇ ‘ಶುಡಂಟ್’ ಬಳಸಿದರೆ ಕೇಳಿದವರ ಎದೆ ಧಸಕ್ಕೆನ್ನುತ್ತದೆ, ಯಾಕೆಂದರೆ ಹೇಳಿದವನು ಅದನ್ನೇ ಬಯಸಿದ ಹಾಗಾಗುತ್ತದೆ.

ಬ್ರಿಟಿಷರು ಹೊರನಾಡುಗಳ ಬಗ್ಗೆ ನುಡಿದ ‘ಆಗದು’ಗಳಲ್ಲಿ ಭಾರತದ ಪಾಲು ದೊಡ್ಡದು. ಇಲ್ಲಿ ಐಸಿಎಸ್ ಅಧಿಕಾರಿಯಾಗಿದ್ದ ಜಾನ್ ಸ್ಟ್ರೇಚಿ 1884ರಲ್ಲಿ ಕೇಂಬ್ರಿಜ್‌ನಲ್ಲಿ ಉಪನ್ಯಾಸ ಕೊಟ್ಟು, ಪಂಜಾಬಿನವರೂ ಬಂಗಾಳದವರೂ ಮದ್ರಾಸಿನವರೂ ತಾವೊಂದು ರಾಷ್ಟ್ರವೆಂದು ಭಾವಿಸುವುದು ಎಂದೆಂದಿಗೂ ಅಸಾಧ್ಯ ಎಂದರು. 1967ರ ಚುನಾವಣೆಯ ಹೊತ್ತಿಗೆ ಲಂಡನ್ನಿನ ದ ಟೈಮ್ಸ್ ಪತ್ರಿಕೆಯ ನೆವಿಲ್ ಮ್ಯಾಕ್ಸ್‌ವೆಲ್, ಈ ನಾಲ್ಕನೆಯ ಮಹಾಚುನಾವಣೆಯೇ ಭಾರತದ ಕೊನೆಯದು ಎಂದು ಬರೆದರು. ಬೆಂಗಳೂರಿನಲ್ಲಿ ನೆಲೆಸಿರುವ ಇತಿಹಾಸಕಾರ ರಾಮಚಂದ್ರ ಗುಹಾ 2007ರಲ್ಲಿ ಪ್ರಕಟಿಸಿದ ‘ಇಂಡಿಯಾ ಆಫ್ಟರ್ ಗಾಂಧಿ’ ಶುರುವಾಗುವುದೇ ಇಂಥ ಮಾತುಗಳನ್ನು ಒಂದರ ಪಕ್ಕ ಒಂದಿಟ್ಟು. 2024ಕ್ಕೆ ಹದಿನೆಂಟನೆಯ ಲೋಕಸಭಾ ಚುನಾವಣೆ ಮುಗಿದಿದೆ. ಸ್ಟ್ರೇಚಿ, ಮ್ಯಾಕ್ಸ್‌ವೆಲ್ ಇಬ್ಬರೂ ‘ಐ ಡೋಂಟ್ ಥಿಂಕ್’ ಎಂಬ ಮೆತ್ತೆಯನ್ನು ಹಾಕಿಕೊಳ್ಳಲಿಲ್ಲ ಎಂಬುದು ನೆನಪಿಡಬೇಕಾದ ಸಂಗತಿ. ತಮ್ಮ ದೇಶದ ನಾಳಿನ ಮಳೆಯ ಬಗ್ಗೆ ಅಷ್ಟು ಅಳುಕುವ ಭಾಷೆಯೊಂದು ಪರದೇಶದ ಕೋಟ್ಯಂತರ ಜನರ ನಾಳೆಯ ಬಗ್ಗೆ ‘ಇಂಪಾಸಿಬಲ್’ ಎಂದು ಸಲೀಸಾಗಿ ನುಡಿಯಿತು. ಸಾಮ್ರಾಜ್ಯದ ದರ್ಪ ವ್ಯಾಕರಣದಲ್ಲಿ ಅಚ್ಚೊತ್ತಿರುವುದನ್ನು ಇದಕ್ಕಿಂತ ಸ್ಪಷ್ಟವಾಗಿ ಕಾಣುವುದು ಕಷ್ಟ.

ಅಮೆರಿಕದ ಜೀವಶಾಸ್ತ್ರಜ್ಞ ಪಾಲ್ ಎರ್ಲಿಕ್ ಹಿಡಿದದ್ದು ಬೇರೆ ದಾರಿ. 1968ರ ‘ದ ಪಾಪ್ಯುಲೇಷನ್ ಬಾಂಬ್’ನಲ್ಲಿ ಅವರು, 1971ರೊಳಗೆ ಭಾರತ ಆಹಾರದಲ್ಲಿ ಸ್ವಾವಲಂಬಿಯಾದೀತು ಎನ್ನುವ ತಿಳಿದವರನ್ನು ತಾವಿನ್ನೂ ಕಂಡಿಲ್ಲ ಎಂಬರ್ಥದ ಮಾತು ಬರೆದರು. ಇಲ್ಲಿ ‘ಇಲ್ಲ’ ಭಾರತದ ಮೇಲೂ ಇಲ್ಲ, ಲೇಖಕರ ಅನಿಸಿಕೆಯ ಮೇಲೂ ಇಲ್ಲ, ಅವರು ಕಾಣದ ಯಾರದೋ ಮೇಲಿದೆ. ಸುಳ್ಳಾದರೆ ಹಿಡಿಯಲು ಯಾರೂ ಸಿಗುವುದಿಲ್ಲ. ಪುಸ್ತಕ ಬಂದ 1968ರಲ್ಲೇ ಭಾರತದಲ್ಲಿ ಗೋಧಿಯ ಬಂಪರ್ ಬೆಳೆ ಬಂತು, ‘ಗೋಧಿ ಕ್ರಾಂತಿ’ಯ ನೆನಪಿಗೆ ಇಂದಿರಾ ಗಾಂಧಿ ಅಂಚೆಚೀಟಿ ಬಿಡುಗಡೆ ಮಾಡಿದರು.

ಹುಸಿಯಾದ ‘ಆಗದು’ಗಳ ಮಾತು ಬಂದರೆ ಬ್ರಿಟನ್ನಿನಲ್ಲಿ ಎಲ್ಲರೂ ನೆನೆಯುವ ಹೆಸರು ಮೈಕಲ್ ಫಿಶ್. 1987ರ ಅಕ್ಟೋಬರ್ 15ರ ಮಧ್ಯಾಹ್ನ ಬಿಬಿಸಿಯ ಹವಾಮಾನ ವರದಿ ಓದುತ್ತ ಅವರು, ಚಂಡಮಾರುತ ಬರುತ್ತಿದೆಯಂತೆ ಎಂದು ಹೆಂಗಸೊಬ್ಬರು ಫೋನ್ ಮಾಡಿದ್ದರು, ಚಿಂತೆ ಬೇಡ, ‘ದೇರ್ ಈಸಂಟ್’ ಎಂದರು. ಆ ರಾತ್ರಿ ದಕ್ಷಿಣ ಇಂಗ್ಲೆಂಡನ್ನು ಬಡಿದ ಬಿರುಗಾಳಿಗೆ ಬ್ರಿಟನ್ನಿನಲ್ಲಿ 18 ಜನ ಸತ್ತರು, ಒಂದೂವರೆ ಕೋಟಿ ಮರಗಳು ಉರುಳಿದವು. ಏಳು ಓಕ್ ಮರಗಳಿಂದ ಹೆಸರಾದ ಸೆವೆನೋಕ್ಸ್ ಊರಿನ ಏಳರಲ್ಲಿ ಆರು ಮರಗಳು ನೆಲಕಚ್ಚಿದವು. ಫಿಶ್ ತಮ್ಮ ಪರವಾಗಿ ಹೇಳುತ್ತ ಬಂದ ಮಾತು ತಳ್ಳಿಹಾಕುವಂಥದ್ದಲ್ಲ: ತಾವು ಹೇಳಿದ್ದು ಅಟ್ಲಾಂಟಿಕ್‌ನ ಆಚೆಯ ಇನ್ನೊಂದು ಚಂಡಮಾರುತದ ಬಗ್ಗೆ, ಬ್ರಿಟನ್ನಿಗೆ ಜೋರು ಗಾಳಿಯ ಸೂಚನೆಯನ್ನು ಅದೇ ವರದಿಯಲ್ಲಿ ಕೊಟ್ಟಿದ್ದೆ ಎಂದು. ಹವಾಮಾನ ಶಾಸ್ತ್ರದ ಪ್ರಕಾರ ಅಂದು ಬೀಸಿದ್ದು ಹರಿಕೇನ್ ಅಲ್ಲ ಎಂಬುದೂ ನಿಜ. ಜನರಿಗೆ ನೆನಪುಳಿದದ್ದು ಎರಡೇ ಪದ. ಅವು ವರ್ತಮಾನ ಕಾಲದಲ್ಲಿದ್ದವು. ‘ಬರಲಿಕ್ಕಿಲ್ಲ’ ಎಂಬ ಊಹೆಗೆ ಬದಲು ‘ಇಲ್ಲ’ ಎಂಬ ಅಭಯ. 2017ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡಿನ ಮುಖ್ಯ ಅರ್ಥಶಾಸ್ತ್ರಜ್ಞ ಆಂಡಿ ಹಾಲ್ಡೇನ್, 2008ರ ಆರ್ಥಿಕ ಕುಸಿತವನ್ನು ಮೊದಲೇ ಕಾಣದ ತಮ್ಮ ವೃತ್ತಿಯವರಿಗೆ ಅದು ‘ಮೈಕಲ್ ಫಿಶ್ ಗಳಿಗೆ’ ಎಂದರು. ಒಬ್ಬ ಮನುಷ್ಯನ ಹೆಸರು ಹೀಗೆ ತಪ್ಪಿಗೆ ಅಡ್ಡಹೆಸರಾಗುವುದು ನೋವಿನ ವಿಷಯ.

ಪದಗಳಿಗೆ ಅಂಕಿ ಕಟ್ಟುವ ಹಂಬಲ ಗಟ್ಟಿಯಾದದ್ದು ಬೇಹುಗಾರಿಕೆಯ ಕಚೇರಿಯಲ್ಲಿ. ಯೇಲ್ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಕಲಿಸುತ್ತಿದ್ದ ಶೆರ್ಮನ್ ಕೆಂಟ್ ಸಿಐಎ ಸೇರಿ ಅಂದಾಜು ವರದಿಗಳ ಹೊಣೆ ಹೊತ್ತಿದ್ದರು. 1951ರ ವರದಿಯೊಂದು ಯುಗೊಸ್ಲಾವಿಯಾದ ಮೇಲೆ ದಾಳಿಯಾಗುವ ‘ಸೀರಿಯಸ್ ಪಾಸಿಬಿಲಿಟಿ’ ಇದೆ ಎಂದಿತು. ನಿಮ್ಮ ಮನಸ್ಸಿನಲ್ಲಿ ಎಷ್ಟಿದೆ ಎಂದು ವಿದೇಶಾಂಗ ಇಲಾಖೆಯ ಅಧಿಕಾರಿಯೊಬ್ಬರು ಕೇಳಿದಾಗ ಕೆಂಟ್ ನೂರಕ್ಕೆ 65 ಎಂದರು. ಆ ಅಧಿಕಾರಿ ಅದಕ್ಕಿಂತ ಬಹಳ ಕಡಿಮೆ ಎಂದುಕೊಂಡಿದ್ದರು. ಗಾಬರಿಯಾದ ಕೆಂಟ್ ವರದಿಗೆ ಒಪ್ಪಿಗೆ ಕೊಟ್ಟ ತಮ್ಮದೇ ಸಹೋದ್ಯೋಗಿಗಳನ್ನು ಕೇಳಿ ನೋಡಿದರು. ಉತ್ತರಗಳು 20ರಿಂದ 80ರವರೆಗೆ ಹರಡಿಕೊಂಡಿದ್ದವು. ಆ ಬಳಿಕ ಅವರು ಒಂದು ಕೋಷ್ಟಕ ಕಟ್ಟಿದರು, 1964ರಲ್ಲಿ ಅದನ್ನು ಲೇಖನದಲ್ಲಿ ವಿವರಿಸಿದರು. ‘ಪ್ರಾಬಬ್ಲಿ ನಾಟ್’ ಎಂದರೆ ಶೇಕಡಾ 30ರ ಆಸುಪಾಸು, ‘ಆಲ್ಮೋಸ್ಟ್ ಸರ್ಟನ್ಲಿ ನಾಟ್’ ಎಂದರೆ 7ರ ಆಸುಪಾಸು.

ಅದೇ ಕೆಂಟ್ ಅವರ ಮಂಡಳಿ 1962ರ ಸೆಪ್ಟೆಂಬರ್ 19ರಂದು ಕ್ಯೂಬಾದ ಬಗ್ಗೆ ವರದಿ ಕೊಟ್ಟಿತು. ಅಲ್ಲಿ ಅಣುಕ್ಷಿಪಣಿಗಳನ್ನು ನಿಲ್ಲಿಸುವುದು ಸೋವಿಯತ್ ಒಕ್ಕೂಟದ ಇದುವರೆಗಿನ ನಡೆಗೆ ಹೊಂದುವುದಿಲ್ಲ ಎಂಬುದು ಅದರ ನಿಲುವು. ಕ್ಷಿಪಣಿಗಳು ಬಂದೇ ಬರುತ್ತವೆ ಎಂದು ಸಿಐಎ ಮುಖ್ಯಸ್ಥ ಜಾನ್ ಮಕೋನ್ ಫ್ರಾನ್ಸಿನಲ್ಲಿ ಮಧುಚಂದ್ರದಲ್ಲಿದ್ದುಕೊಂಡೇ ತಂತಿ ಮೇಲೆ ತಂತಿ ಕಳಿಸುತ್ತಿದ್ದರು. ಅಕ್ಟೋಬರ್ 14ರಂದು ಯು-2 ವಿಮಾನ ತೆಗೆದ ಚಿತ್ರಗಳಲ್ಲಿ ಕ್ಷಿಪಣಿ ನೆಲೆಗಳು ಕಂಡವು. ಜಗತ್ತು ಅಣುಯುದ್ಧದ ಅಂಚಿಗೆ ಬಂದು ನಿಂತಿತು. ಕೆಂಟ್ ಅವರ ವರದಿ ಸೋತದ್ದು ಅಂಕಿಯಿಲ್ಲದ್ದರಿಂದ ಎನ್ನಲಾಗದು. ಎದುರಾಳಿ ತರ್ಕಬದ್ಧವಾಗಿ ನಡೆಯುತ್ತಾನೆ ಎಂಬ ನಂಬಿಕೆಯೇ ಅಲ್ಲಿ ‘ಆಗದು’ ಎಂಬ ರೂಪ ತಾಳಿತ್ತು. ಪದಕೋಷ್ಟಕ ಎಷ್ಟೇ ಚೆನ್ನಾಗಿರಲಿ, ಇಂಥ ‘ಆಗದು’ವನ್ನು ಅದು ತಡೆಯಲಾರದು.

ಆದರೂ ಕೋಷ್ಟಕದ ದಾರಿಯನ್ನು ಸರ್ಕಾರಗಳು ಬಿಡಲಿಲ್ಲ. ಇರಾಕಿನ ಯುದ್ಧದ ಮುಂಚಿನ ಗುಪ್ತಚರ ವರದಿಗಳ ಎಡವಟ್ಟಿನ ನಂತರ ಬ್ರಿಟನ್ನು ತನ್ನದೊಂದು ಅಳತೆಗೋಲು ಮಾಡಿಕೊಂಡಿತು: ‘ರಿಮೋಟ್ ಚಾನ್ಸ್’ ಎಂದರೆ ಶೇಕಡಾ 5ರವರೆಗೆ, ‘ಹೈಲಿ ಅನ್‌ಲೈಕ್ಲಿ’ ಎಂದರೆ 10ರಿಂದ 20, ‘ಅನ್‌ಲೈಕ್ಲಿ’ ಎಂದರೆ 25ರಿಂದ 35. ಹವಾಮಾನ ಬದಲಾವಣೆಯ ಅಂತರ ಸರ್ಕಾರಿ ಸಮಿತಿ ಐಪಿಸಿಸಿಯ ವರದಿಗಳಲ್ಲಿ ಅದೇ ‘ಅನ್‌ಲೈಕ್ಲಿ’ಗೆ 33ರವರೆಗೆ, ‘ವೆರಿ ಅನ್‌ಲೈಕ್ಲಿ’ಗೆ 10ರವರೆಗೆ ಎಂದು ನಿಗದಿಯಾಗಿದೆ. ಪದ ಒಂದೇ, ಕಚೇರಿ ಬದಲಾದರೆ ಬೆಲೆ ಬದಲು. ಡೇವಿಡ್ ಬುಡೆಸ್ಕು ಮತ್ತು ಸಂಗಡಿಗರು 2009ರಲ್ಲಿ ಐಪಿಸಿಸಿಯ ವಾಕ್ಯಗಳನ್ನು ಜನರ ಮುಂದಿಟ್ಟಾಗ, ವ್ಯಾಖ್ಯೆ ಕೈಯಲ್ಲಿದ್ದರೂ ಓದುಗರು ‘ವೆರಿ ಅನ್‌ಲೈಕ್ಲಿ’ಗೆ ಸಮಿತಿ ಹೇಳಿದ್ದಕ್ಕಿಂತ ಹೆಚ್ಚಿನ ಅಂಕಿ ಕೊಟ್ಟರು. ಪದದ ಪಕ್ಕದಲ್ಲೇ ಅಂಕಿಯನ್ನೂ ಅಚ್ಚುಮಾಡಿ ಎಂಬುದು ಅವರ ಸಲಹೆ. ಇದಕ್ಕಿಂತ ಸರಳವಾದ, ಖರ್ಚಿಲ್ಲದ ಸುಧಾರಣೆ ಇನ್ನೊಂದಿಲ್ಲ.

ಅಂಕಿ ಒಂದೇ ಆದರೂ ಮಾತಿನ ಮುಖ ಯಾವ ಕಡೆಗಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಚಿಕಿತ್ಸೆ ಫಲಿಸುವ ಬಗ್ಗೆ ‘ಸ್ವಲ್ಪ ಸಾಧ್ಯತೆಯಿದೆ’ ಎನ್ನುವುದಕ್ಕೂ ‘ಅಷ್ಟು ಖಚಿತವಿಲ್ಲ’ ಎನ್ನುವುದಕ್ಕೂ ಜನ ಕೊಡುವ ಅಂಕಿ ಹೆಚ್ಚುಕಡಿಮೆ ಒಂದೇ. ಆದರೆ ನಾರ್ವೆಯ ಮನಶ್ಶಾಸ್ತ್ರಜ್ಞರಾದ ಕಾರ್ಲ್ ಹಾಲ್ವೊರ್ ಟೈಗನ್ ಮತ್ತು ವಿಬೆಕೆ ಬ್ರುನ್ 1999ರಲ್ಲಿ ಕಂಡುಕೊಂಡಂತೆ, ಮೊದಲ ಮಾತು ಕೇಳಿದವರಲ್ಲಿ ಬಹುತೇಕರು ಚಿಕಿತ್ಸೆ ಮಾಡಿಸಿ ಎಂದರು, ಎರಡನೆಯದನ್ನು ಕೇಳಿದವರಲ್ಲಿ ಹೆಚ್ಚಿನವರು ಬೇಡವೆಂದರು. ರೋಗಿಯ ಮುಂದೆ ಕೂತ ವೈದ್ಯರ ಬಾಯಿಂದ ಯಾವ ಮಾತು ಮೊದಲು ಬರುತ್ತದೆ ಎಂಬುದರ ಮೇಲೆ ಎಷ್ಟೆಲ್ಲ ನಿಂತಿದೆ ಎಂಬುದನ್ನು ಈ ಫಲಿತಾಂಶ ತೋರಿಸುತ್ತದೆ.

ವ್ಯಾಪಾರದ ಇಂಗ್ಲಿಷ್ ಇದೆಲ್ಲದರಿಂದ ದೂರ ಹೋಗಿದೆ. ಅಮೆರಿಕದಲ್ಲಿ 1995ರಲ್ಲಿ ಅಧ್ಯಕ್ಷ ಕ್ಲಿಂಟನ್ನರ ವೀಟೊವನ್ನೂ ಮೀರಿ ಬಂದ ಷೇರು ವ್ಯಾಜ್ಯ ಕಾನೂನು, ಭವಿಷ್ಯದ ಮಾತಾಡುವ ಕಂಪನಿಗಳು ತಕ್ಕ ಎಚ್ಚರಿಕೆಯನ್ನು ಜೊತೆಗಿಟ್ಟರೆ ಮಾತು ಸುಳ್ಳಾದಾಗ ರಕ್ಷಣೆ ಕೊಡುತ್ತದೆ. 1999ರ ಮಾರ್ಚಿನಲ್ಲಿ ಬೆಂಗಳೂರಿನ ಇನ್ಫೋಸಿಸ್ ನಾಸ್ಡಾಕ್ ಪಟ್ಟಿಗೆ ಸೇರಿದ ಮೇಲೆ ಈ ಎಚ್ಚರಿಕೆಯ ಗದ್ಯ ನಮ್ಮ ಊರಿನ ಪ್ರಕಟಣೆಗಳ ಬಾಲಕ್ಕೂ ಬಂದು ಕೂತಿತು. ‘ಮೇ ನಾಟ್’, ‘ದೇರ್ ಕ್ಯಾನ್ ಬಿ ನೋ ಅಶ್ಶೂರೆನ್ಸ್’ ಎಂಬ ಕಟ್ಟಣೆಗಳು ಈ ಬಗೆಯ ಬರವಣಿಗೆಯ ಕಾಯಂ ನಿವಾಸಿಗಳು. ಆಗಬಹುದಾದ ಎಲ್ಲ ಕೇಡನ್ನೂ ಒಂದೇ ದನಿಯಲ್ಲಿ ಹೇಳಿದಾಗ ಯಾವುದಕ್ಕೆ ನಿಜವಾಗಿ ಅಂಜಬೇಕು ಎಂಬುದು ಓದುಗರಿಗೆ ತಿಳಿಯದೆ ಹೋಗುತ್ತದೆ.

ಆಸ್ಪತ್ರೆಗಳಲ್ಲಿ ತೊಂದರೆ ತದ್ವಿರುದ್ಧ. ಅಲ್ಲಿ ಹೇಳಬೇಕಾದ ‘ಇಲ್ಲ’ವೇ ಹೊರಬರುವುದಿಲ್ಲ. ನಿಕೊಲಸ್ ಕ್ರಿಸ್ಟಾಕಿಸ್ ಮತ್ತು ಎಲಿಜಬೆತ್ ಲಾಮಾಂಟ್ 2000ದಲ್ಲಿ ಪ್ರಕಟಿಸಿದ ಶಿಕಾಗೊ ಅಧ್ಯಯನದಲ್ಲಿ, ಸಾವಿನ ಅಂಚಿನಲ್ಲಿದ್ದ 468 ರೋಗಿಗಳು ಎಷ್ಟು ದಿನ ಬದುಕಿಯಾರು ಎಂದು 343 ವೈದ್ಯರನ್ನು ಕೇಳಲಾಗಿತ್ತು. ಸುಮಾರಾಗಿ ಸರಿಹೋದದ್ದು ಶೇಕಡಾ 20 ಮಾತ್ರ. ಶೇಕಡಾ 63ರಷ್ಟು ಅಂದಾಜುಗಳು ಅತಿ ಆಶಾವಾದದವು. ಒಟ್ಟಾರೆ ನೋಡಿದರೆ ವೈದ್ಯರು ಹೇಳಿದ ಅವಧಿ ನಿಜಕ್ಕಿಂತ ಐದು ಪಟ್ಟಿಗೂ ಹೆಚ್ಚು. ಇದಕ್ಕೆ ಇನ್ನೊಂದು ಮುಖವೂ ಇದೆ. ಜೀವವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್‌ಗೆ 1982ರಲ್ಲಿ ಮೀಸೊಥೀಲಿಯೋಮ ಎಂಬ ಕ್ಯಾನ್ಸರ್ ಇರುವುದು ಗೊತ್ತಾಯಿತು. ಓದಲು ಏನಾದರೂ ಇದೆಯೇ ಎಂದಾಗ ಅವರ ವೈದ್ಯರು, ಓದುವಂಥದ್ದು ಅಷ್ಟೇನಿಲ್ಲ ಎಂದು ಜಾರಿಕೊಂಡರು. ಹಾರ್ವರ್ಡ್‌ನ ವೈದ್ಯಕೀಯ ಗ್ರಂಥಾಲಯಕ್ಕೆ ಹೋಗಿ ಹುಡುಕಿದಾಗ ಸಿಕ್ಕಿದ್ದು ಎಂಟು ತಿಂಗಳ ಮೀಡಿಯನ್ ಎಂಬ ಅಂಕಿ. ಅರ್ಧದಷ್ಟು ಜನ ಅಷ್ಟರೊಳಗೆ ಸಾಯುತ್ತಾರೆ ಎಂದಾದರೆ ಉಳಿದರ್ಧ ಅದರಾಚೆಗೆ ಬದುಕುತ್ತಾರೆ, ಅವರಲ್ಲಿ ಕೆಲವರು ಬಹುಕಾಲ ಬದುಕುತ್ತಾರೆ ಎಂದು ಅವರು ಲೆಕ್ಕಹಾಕಿ 1985ರಲ್ಲಿ ಪ್ರಬಂಧ ಬರೆದರು. ಅವರು ತೀರಿಕೊಂಡದ್ದು 2002ರಲ್ಲಿ, ಬೇರೊಂದು ಕ್ಯಾನ್ಸರಿನಿಂದ.

ವೈದ್ಯರ ನಾಲಿಗೆ ಕಟ್ಟಿಹೋಗುವುದನ್ನು ತಪ್ಪಿಸಲು ಬ್ರಿಟನ್ನಿನಲ್ಲಿ ವಾಸಿಯಾಗದ ರೋಗಿಗಳ ನೋವು ತಗ್ಗಿಸುವ ಪಾಲಿಯೇಟಿವ್ ಆರೈಕೆಯಲ್ಲಿ ಈಗ ಒಂದು ಪ್ರಶ್ನೆ ರೂಢಿಯಲ್ಲಿದೆ. ಅಮೆರಿಕದಲ್ಲಿ ಹುಟ್ಟಿದ ಅದರ ಹೆಸರು ‘ಸರ್ಪ್ರೈಸ್ ಕ್ವೆಶ್ಚನ್’. ಈ ರೋಗಿ ಬರುವ ಒಂದು ವರ್ಷದೊಳಗೆ ತೀರಿಕೊಂಡರೆ ನಿಮಗೆ ಆಶ್ಚರ್ಯವಾಗುತ್ತದೆಯೇ ಎಂದು ವೈದ್ಯರು ತಮ್ಮನ್ನೇ ಕೇಳಿಕೊಳ್ಳಬೇಕು. ಸಾಯುತ್ತಾರೆ ಎನ್ನಬೇಕಿಲ್ಲ, ಬದುಕುವುದಿಲ್ಲ ಎನ್ನಬೇಕಿಲ್ಲ, ‘ನೋ’ ಎಂಬ ಒಂದು ಪದ ಸಾಕು. ಸುತ್ತುಬಳಸಿನ ಭಾಷಾಭ್ಯಾಸ ಇಲ್ಲಿ ಮನುಷ್ಯರ ಕೆಲಸಕ್ಕೆ ಬಂದಿದೆ. ಈ ಪ್ರಶ್ನೆ ಕ್ಯಾನ್ಸರ್ ರೋಗಿಗಳ ವಿಷಯದಲ್ಲಿ ಸುಮಾರಾಗಿ ಸರಿಹೋಗುತ್ತದೆ, ಉಳಿದ ಕಾಯಿಲೆಗಳಲ್ಲಿ ಅಷ್ಟಾಗಿ ಅಲ್ಲ ಎಂದು ಈಚಿನ ಸಮೀಕ್ಷೆಗಳು ಹೇಳುತ್ತವೆ. ‘ನೋ’ ಎಂಬ ಉತ್ತರ ಬಂದ ರೋಗಿಯ ಹೆಸರು ಕ್ಲಿನಿಕ್ಕಿನ ಪಾಲಿಯೇಟಿವ್ ಪಟ್ಟಿಗೆ ಸೇರುತ್ತದೆ. ನೋವಿಗೆ ಯಾವ ಔಷಧ, ಕೊನೆಯ ದಿನಗಳು ಮನೆಯಲ್ಲೋ ಆಸ್ಪತ್ರೆಯಲ್ಲೋ, ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ರೋಗಿಯ ಜೊತೆಗೂ ಮನೆಯವರ ಜೊತೆಗೂ ಕೂತು ಮಾತಾಡುವ ಕೆಲಸ ಆಮೇಲೆ ಶುರುವಾಗುತ್ತದೆ.